ಅಂಚು ತಪ್ಪದ ಗರಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಚಿತ್ತಾರದ ಸೀರೆ ಉಟ್ಟು ಎದುರಿಗೆ ಬಂದರೆ ಮುಖ ನೋಡುವ ಮೊದಲು ಸೆರಗು ನೋಡುತ್ತೇನೆ. ಅದರ ಮೇಲಿನ ಎಲೆಯೋ ಹೂವೋ, ಸುತ್ತ ಎಳೆದ ಗೆರೆ ಎಲ್ಲ ಕಡೆ ಒಂದೇ ದಪ್ಪ ಇದೆಯೋ ಇಲ್ಲವೋ ಎಂದು ಕಣ್ಣು ತಾನಾಗಿಯೇ ಓಡುತ್ತದೆ. ಮೊನ್ನೆ ನಮ್ಮ ಶಾಲೆಯ ಗಣಿತದ ಟೀಚರ್ ಹೊಸ ಸೀರೆ ಉಟ್ಟು ಬಂದಿದ್ದರು. ಬಿಳಿಯ ಮೈ, ಮೀನಿನ ಹುರುಪೆಯಂಥ ಚಿತ್ತಾರ, ಒಂದೊಂದು ಹುರುಪೆಗೂ ಕರಿಯ ಅಂಚು. ಮಾತಾಡುತ್ತಲೇ ನಾನು ಅವರ ಸೆರಗು ಹಿಡಿದು, ತಿರುಗಿಸಿ, ಒಳಬದಿ ನೋಡಿ, "ಇಲ್ಲಿ ಮಸಿ ಹರಡೇತಿ ನೋಡ್ರಿ" ಎಂದುಬಿಟ್ಟೆ. ಆ ದಿನ ಅವರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನನ್ನ ಕಣ್ಣಿಗೆ ಆಗ ಕಂಡದ್ದು ಅವರ ಸೀರೆಯಲ್ಲ, ಒಂದು ಕೋಳಿ ಎಂದು ಹೇಳಿದ್ದರೆ ಮರುದಿನವೂ ಕೂರುತ್ತಿರಲಿಲ್ಲ.

ಈ ಚಾಳಿ ನನಗೆ ಅಂಟಿದ್ದು ನಮ್ಮ ಅಕ್ಕ ಗಂಗವ್ವನಿಂದ. ಅವಳನ್ನು ಕೊಟ್ಟದ್ದು ಅಳ್ನಾವರಕ್ಕೆ. ಗಂಡ ಈರಪ್ಪ ಮಾವ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ದುಡಿದು ಈಗ ನಿವೃತ್ತನಾಗಿದ್ದಾನೆ. ಊರ ಹೊರಗೆ, ಕಾಡು ಶುರುವಾಗುವ ಕಡೆ ಅವರ ಮನೆ. ಅವಳ ತಂಗಿಯಾದ ನಾನು ಕುಂದಗೋಳದಲ್ಲಿ ಕನ್ನಡ ಕಲಿಸುತ್ತೇನೆ. ರಜೆ ಸಿಕ್ಕರೆ ಅಕ್ಕನ ಮನೆಗೆ ಓಡುತ್ತೇನೆ. ಅಥವಾ ಓಡುತ್ತಿದ್ದೆ ಎನ್ನಬೇಕು, ಈಗ ಮೊದಲಿನಷ್ಟು ಹೋಗುವುದಿಲ್ಲ.

ನಾವು ಹುಟ್ಟಿ ಬೆಳೆದದ್ದು ಯರಗುಪ್ಪಿಯಲ್ಲಿ. ಅಲ್ಲಿಯ ಎರೆಮಣ್ಣಿನಲ್ಲಿ ಕೋಳಿಯ ಬಣ್ಣಕ್ಕೆ ಅರ್ಥವೇ ಇರಲಿಲ್ಲ. ಬೇಸಿಗೆಯಲ್ಲಿ ದೂಳಿನಲ್ಲಿ ಹೊರಳಿ ಎಲ್ಲವೂ ಬೂದಿ ಬಣ್ಣ, ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡು ಎಲ್ಲವೂ ಕರಿ. ಆದರೂ ಅವ್ವ ತನ್ನ ಕೋಳಿಗಳನ್ನು ಗರಿ ಗರಿಯಾಗಿ ಬಲ್ಲವಳು. ಒಮ್ಮೆ ಪಕ್ಕದ ಮನೆಯ ಮುದುಕಿ ನಮ್ಮ ಹೆಣ್ಣು ಕೋಳಿ, ಹ್ಯಾಟೆಯೊಂದನ್ನು ತನ್ನದೆಂದು ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡಳು. ಓಣಿಯೆಲ್ಲ ಕೂಡಿತು. ಅವ್ವ, "ನನ್ನ ಕೋಳಿ ಆಗಿದ್ರ ಬಲಗಡೆ ರೆಕ್ಕಿ ಬುಡಕ ಒಂದ ಬಿಳಿ ಗರಿ ಐತಿ, ತಗದು ತೋರಸ" ಎಂದಳು. ತೆಗೆದರು, ಇತ್ತು. ಮುದುಕಿ ಬುಟ್ಟಿ ಒದ್ದು ಒಳಗೆ ಹೋದಳು. ಆ ದಿನದ ಅವ್ವನ ಮುಖದ ಗೆಲುವು ನನಗೆ ಈಗಲೂ ನೆನಪಿದೆ. ಕರಿ ಕೋಳಿಯಲ್ಲಿ ಒಂದು ಬಿಳಿ ಗರಿ ಇದ್ದರೆ ಅದು ಅವ್ವನಿಗೆ ಗುರುತು. ಅಕ್ಕನ ಕಾಲಕ್ಕೆ ಅದು ದೋಷವಾಯಿತು. ಒಂದೇ ಮನೆತನದಲ್ಲಿ ಇಷ್ಟು ಬೇಗ ಹೀಗೆ ಬದಲಾದ ಸಂಗತಿ ಬೇರೆ ಯಾವುದೂ ನನಗೆ ತೋಚುವುದಿಲ್ಲ.

ಅಕ್ಕ ಮೊದಲು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ತುಂಡು ಜೋಡಿಸಿ ಅವಳು ಹಾಕುವ ಹೊಲಿಗೆ ಸಾಲು ನೋಡಿದರೆ ಇರುವೆ ಸಾಲು ನೆನಪಾಗಬೇಕು, ಅಷ್ಟು ಸಣ್ಣ, ಅಷ್ಟು ಒತ್ತು. ನಲವತ್ತು ದಾಟಿದ ಮೇಲೆ ಬೆರಳಿನ ಗಂಟುಗಳು ಬಾತು ಸೂಜಿ ಹಿಡಿಯಲು ಬಾರದಾಯಿತು. ಆಗ ಅವಳು ಯಾರ ಜೊತೆಗೂ ಮಾತಾಡದೆ ಕಟ್ಟೆಯ ಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಅದೇ ದಿನಗಳಲ್ಲಿ ಮಾವನ ಜೊತೆಯ ನೌಕರನೊಬ್ಬ ವರ್ಗವಾಗಿ ಹೋಗುವಾಗ ತಾನು ಶೋಕಿಗೆ ಸಾಕಿದ್ದ ಕೋಳಿ ಜೋಡಿಯನ್ನು ಮಾವನ ಕೈಗೆ ಒಪ್ಪಿಸಿ ಹೋದ. ಬೆಳ್ಳಗಿನ ಗರಿ, ಪ್ರತಿ ಗರಿಯ ಸುತ್ತಲೂ ಕಾಡಿಗೆಯಿಂದ ಎಳೆದಂಥ ಗೆರೆ. ಶೋಕಿ ಮಂದಿ ಅದನ್ನು ಸಿಲ್ವರ್ ಲೇಸ್ ಎನ್ನುತ್ತಾರಂತೆ. ಅಕ್ಕ ಬೆಳ್ಳಿ ಅಂಚು ಎಂದಳು. ಅಂಚು ಕರಿಯದಲ್ಲವೇ ಎಂದು ನಾನು ಮೇಷ್ಟರಿಕೆ ಮಾಡಿದರೆ, "ನೀ ಸುಮ್ನ ಕುಂದರ, ನನ್ನ ಕೋಳಿ, ನನ್ನ ಹೆಸರು" ಎಂದಳು. ಬಹಳ ದಿನಗಳ ಮೇಲೆ ಅವಳ ಬಾಯಲ್ಲಿ ಬಂದ ಸಿಟ್ಟಿನ ಮಾತು ಅದು. ನನಗೆ ಖುಷಿಯಾಯಿತು.

ಆ ವರ್ಷ ತಾಲೂಕಿನ ಪಶು ಪ್ರದರ್ಶನದಲ್ಲಿ ಕೋಳಿಗಳಿಗೂ ಒಂದು ಮೂಲೆ ಇತ್ತು. ಎಮ್ಮೆ, ಹೋರಿಗಳ ಕಡೆ ಜನವೋ ಜನ, ಕೋಳಿ ಪಂಜರಗಳ ಕಡೆ ನಮ್ಮಂಥವರು ನಾಲ್ಕು ಮಂದಿ. ಅಕ್ಕ ಹಿಂದಿನ ದಿನ ಹ್ಯಾಟೆಯನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ತನ್ನ ಹಳೆಯ ಕೌದಿಯಲ್ಲಿ ಸುತ್ತಿ, ಒಲೆಯ ಹತ್ತಿರ ಕೂತು ಒಣಗಿಸಿದ್ದಳು. ತೀರ್ಪು ಕೊಡುವವರು ದನದ ದವಾಖಾನೆಯ ಡಾಕ್ಟರು. ನವಲಗುಂದ ಕಡೆಯವರು, ತೆಳ್ಳಗೆ, ಕಪ್ಪಗೆ, ಮೆಲ್ಲಗೆ ಮಾತಾಡುವವರು. ಹ್ಯಾಟೆಯನ್ನು ಎತ್ತಿಕೊಂಡು ಕುತ್ತಿಗೆಯ ಗರಿ ಊದಿ ಒಳಗಿನ ಬಣ್ಣ ನೋಡಿದರು, ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ನೋಡಿದರು.

"ಕೋಳಿ ಚೊಲೊ ಐತ್ರಿ. ಆದ್ರ ಬೆನ್ನ ಮ್ಯಾಲ ಹಳದಿ ಹೊಡದೈತಿ. ಬಿಳಿ ಅಂದ್ರ ಬೆಳ್ಳಿ ಹಂಗ ಇರಬೇಕು."

"ಬಿಸಲಾಗ ಅಡ್ಡ್ಯಾಡಿದ್ರ ಹಳದಿ ಆಗಲಾರದ ಏನಾಗತೈತ್ರಿ ಸಾಹೇಬ್ರ?" ಎಂದಳು ಅಕ್ಕ. "ನೀವೂ ದಿನಾ ಬಿಸಲಾಗ ತಿರಗಿ ಕರ್ರಗಾಗೀರಿ. ನಿಮ್ಮನ್ನ ನೌಕರಿಂದ ತಗದಾರೇನು?"

ಸುತ್ತ ನಿಂತವರು ನಕ್ಕರು. ಡಾಕ್ಟರೂ ನಕ್ಕರು. "ನನ್ನ ಪ್ರದರ್ಶನಕ್ಕ ಇಟ್ಟಿಲ್ಲಲ್ರಿ ಗಂಗವ್ವಾರ" ಎಂದರು. ಬಹುಮಾನ ಮಾತ್ರ ಕೊಡಲಿಲ್ಲ.

ಆದರೆ ಮುಂದಿನ ವಾರವೇ ಅವರು ಮನೆ ಹುಡುಕಿಕೊಂಡು ಬಂದರು. ಕಟ್ಟೆಯ ಮೇಲೆ ಕೂತು, ತಾವಾಗಿ ನೀರು ಕೇಳಿ ಕುಡಿದರು. ನಮ್ಮ ಮನೆಗಳಲ್ಲಿ ಇಂಥದ್ದನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ, ಆದರೆ ಯಾರು ನೀರು ಕೇಳಿ ಕುಡಿದರು, ಯಾರು ಈಗಷ್ಟೇ ಕುಡಿದು ಬಂದೆ ಎಂದರು ಎಂಬುದನ್ನು ಮರೆಯುವುದೂ ಇಲ್ಲ. ಕೋಳಿಗಳನ್ನು ನೆರಳಿನಲ್ಲಿ ಇಡಿ, ಗೋವಿನಜೋಳ ಕಡಿಮೆ ಮಾಡಿ, ಹಳದಿ ಇಳಿಯುತ್ತದೆ ಎಂದರು. ಅಂಚು ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಒಡೆಯುತ್ತದೆ, ಬಿಳಿಯ ನಡುವೆ ಕರಿ ಪುಡಿ ಉದುರಿಸಿದಂತೆ ಬಂದರೆ ಅದು ಯಾಕೆ ತಪ್ಪು, ಎಲ್ಲ ತೋರಿಸಿದರು. ಮಾವ ಕಟ್ಟಿಗೆ ತಂದು ಹಿತ್ತಲಲ್ಲಿ ನೆರಳಿನ ಗೂಡು ಕಟ್ಟಿದ. ಅಲ್ಲಿಂದ ಅಕ್ಕನ ದಿನವೆಲ್ಲ ಆ ಗೂಡಿನ ಮುಂದೆಯೇ ಕಳೆಯತೊಡಗಿತು.

ಈಗ ಒಂದು ಕಹಿ ಮಾತು ಹೇಳಬೇಕು. ಚಂದದ ಒಂದು ಕೋಳಿ ಹುಟ್ಟಬೇಕಾದರೆ ಚಂದವಿಲ್ಲದ ಬಹಳ ಕೋಳಿಗಳು ಹುಟ್ಟುತ್ತವೆ. ಮರಿಗಳು ದೊಡ್ಡವಾಗಿ ಬಣ್ಣ ಕೂಡಿದ ಮೇಲೆ ಅಕ್ಕ ಒಂದೊಂದನ್ನೇ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಳು. ಅಂಚು ತಪ್ಪಿದವು ಬೇರೆ ಬುಟ್ಟಿಗೆ. ಆ ಬುಟ್ಟಿಯವು ಭಾನುವಾರ ಭಾನುವಾರ ನಮ್ಮ ತಾಟಿಗೆ ಬರುತ್ತಿದ್ದವು. ನಾನು ಚಪ್ಪರಿಸಿ ತಿಂದಿದ್ದೇನೆ, ಎರಡನೆಯ ಸಲ ಹಾಕಿಸಿಕೊಂಡೂ ತಿಂದಿದ್ದೇನೆ. ಅವರ ಮನೆಯ ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟವಿದೆ. ಮಾವ ಊಟಕ್ಕೆ ಕೂತಾಗ ಅದನ್ನೊಮ್ಮೆ ನೋಡಿ, "ಮ್ಯಾಲ ಬುದ್ಧ, ಕೆಳಗ ಈಳಗಿ. ನಡುವ ನಾವು ರೊಟ್ಟಿ ಮುರಕೊಂತ ಕುಂತೀವಿ" ಎನ್ನುತ್ತಿದ್ದ. ಅಕ್ಕ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಅವಳು ಯಾವ ಕೋಳಿಗೂ ಹೆಸರು ಇಟ್ಟವಳಲ್ಲ. ಯಾಕೆಂದು ಕೇಳಿದ್ದಕ್ಕೆ, "ಹೆಸರಿಟ್ರ ತಪ್ಪು ಕಾಣಂಗಿಲ್ಲ" ಎಂದಿದ್ದಳು. ಆ ಮಾತನ್ನು ನಾನು ಶಾಲೆಯಲ್ಲಿ ಮಕ್ಕಳ ಪೇಪರು ತಿದ್ದುವಾಗ ನೆನೆಸಿಕೊಳ್ಳುತ್ತೇನೆ. ಹೆಸರು ಗೊತ್ತಿರುವುದರಿಂದಲೇ ಅನೇಕರು ಪಾಸಾಗಿದ್ದಾರೆ.

ಕೆಲವು ವರ್ಷ ಹೀಗೆ ನಡೆದ ಮೇಲೆ ಒಂದು ಹ್ಯಾಟೆ ಹುಟ್ಟಿತು. ಅದರ ಮೈಮೇಲೆ ಎಲ್ಲಿ ಕೈಯಿಟ್ಟು ಗರಿ ಬಿಡಿಸಿದರೂ ಅಂಚು ಒಂದೇ ಹದ. ಪ್ರದರ್ಶನದ ದಿನ ಡಾಕ್ಟರು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕಡೆಗೆ ಎಡಗಡೆಯ ರೆಕ್ಕೆಯಲ್ಲಿ ಒಂದು ಗರಿ ತೋರಿಸಿದರು. ಅದರ ತುದಿಯಲ್ಲಿ ಕರಿ ಕಲಸಿಹೋಗಿತ್ತು.

"ಇದೊಂದ ನೋಡ್ರಿ."

"ಇದೊಂದಕ್ಕ?"

"ಏನ್ ಮಾಡೂಣ್ರಿ, ಕಣ್ಣಿಗೆ ಬಿತ್ತು. ಗರಿ ಉದುರಿ ಹೊಸಾದು ಬಂದಾಗ ಸರಿ ಆಗಬಹುದು. ಇನ್ನೊಂದ ವರ್ಷ ತಡೀರಿ."

ಎರಡನೆಯ ಬಹುಮಾನ ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಮಾವ ಡಾಕ್ಟರನ್ನು ಬೈದ. ಆ ಒಂದು ಗರಿಯನ್ನು ಮೊದಲೇ ಕಿತ್ತು ಒಗೆದಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದ. ಅಕ್ಕ, "ನನಗ ತಿಳಿತಿತ್ತು" ಎಂದಳು.

ಗರಿ ಉದುರುವ ಕಾಲ ಬಂದಾಗ ಅವಳು ಬೇರೆ ಮನುಷ್ಯಳೇ ಆದಳು. ಕೋಳಿಗೆ ಬೋಳು ಬೋಳಾಗಿ ಮುಳ್ಳಿನಂಥ ಮೊಳಕೆ ಬಂದಿರುತ್ತದೆ, ಆ ಮುಳ್ಳಿನೊಳಗಿಂದ ಗರಿ ಬಿಚ್ಚಿಕೊಳ್ಳಬೇಕು. ಅಕ್ಕ ಎಡರೆಕ್ಕೆಯ ಆ ಒಂದು ಮುಳ್ಳಿನ ಕಾವಲು ಕಾದಳು. ನಾನು ತರಗತಿಯಲ್ಲಿದ್ದಾಗ ಅವಳ ಫೋನು ಬಂತು. ಅವಳು ಆ ಹೊತ್ತಿನಲ್ಲಿ ಎಂದೂ ಮಾಡುವವಳಲ್ಲ, ಗಾಬರಿಯಿಂದ ಎತ್ತಿದೆ.

"ಬಂತ್ ನೋಡು" ಎಂದಳು.

"ಅಂಚು ಸರಿ ಐತೇನು?"

"ಅಗದಿ ಸರಿ ಐತಿ."

ಫೋನಿಟ್ಟಾಗ ನನ್ನ ಕಣ್ಣು ಒದ್ದೆಯಾಗಿತ್ತು. ಯಾರ ಮನೆಯಲ್ಲೋ ಕೂಸು ಹುಟ್ಟಿದೆಯೆಂದು ಮಕ್ಕಳು ತಿಳಿದು ಪೇಡೆ ಕೇಳಿದರು. ಕೊಡಿಸಿದೆ ಕೂಡ.

ಪ್ರದರ್ಶನಕ್ಕೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಅಳ್ನಾವರಕ್ಕೆ ಹತ್ತಿರದ ಒಂದು ಕೋಳಿ ಫಾರ್ಮಿನಲ್ಲಿ ಕೋಳಿಗಳು ಸಾಯತೊಡಗಿದವು. ಹಕ್ಕಿ ಜ್ವರವಿರಬಹುದು, ತಪಾಸಣೆಗೆ ಕಳಿಸಿದ್ದಾರೆ, ಖಾತ್ರಿಯಾದರೆ ಸುತ್ತಲಿನ ಎಲ್ಲ ಕೋಳಿಗಳನ್ನು ಕೊಲ್ಲುತ್ತಾರೆ ಎಂದು ಸುದ್ದಿ ಬಂತು. ಹುಕುಂ ಇನ್ನೂ ಬಂದಿರಲಿಲ್ಲ. ನಾನು ಶನಿವಾರ ಶಾಲೆ ಮುಗಿಸಿ ಅಳ್ನಾವರಕ್ಕೆ ಹೋದೆ. ಅಕ್ಕನ ಕೋಳಿಗಳು ಚೆನ್ನಾಗಿಯೇ ಇದ್ದವು, ಕೆದಕುತ್ತಿದ್ದವು, ಜಗಳಾಡುತ್ತಿದ್ದವು. ಮಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅದೊಂದ ಹ್ಯಾಟಿ ನಿನ್ನ ಜೋಡಿ ಕುಂದಗೋಳಕ್ಕ ಒಯ್ದುಬಿಡು. ಉಳದದ್ದು ಏನರ ಆಗ್ಲಿ."

ನಾನು ಹೂಂ ಎಂದೆ. ಆ ಹೊತ್ತಿನಲ್ಲಿ ಯಾರಾದರೂ ಹೂಂ ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಅಕ್ಕ ತಾನೇ ಹ್ಯಾಟೆಯನ್ನು ಅರಿವೆ ಚೀಲದಲ್ಲಿ ಇಟ್ಟು, ಕುತ್ತಿಗೆ ಹೊರಗೆ ಬರುವಷ್ಟು ಬಿಟ್ಟು ಬಾಯಿ ಕಟ್ಟಿದಳು. ಮೂವರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಚೀಲ ನನ್ನ ಕೈಯಲ್ಲಿತ್ತು. ಅಲ್ಲಿ ಬೆಂಚಿನ ಮೇಲೆ ಹೆಂಗಸೊಬ್ಬಳು ಬುಟ್ಟಿಯ ತುಂಬ ನಾಟಿ ಕೋಳಿಮರಿ ಇಟ್ಟುಕೊಂಡು ಕೂತಿದ್ದಳು. ನಮ್ಮ ಚೀಲದೊಳಗಿನದು ದನಿ ಮಾಡಿತು, ಬುಟ್ಟಿಯೊಳಗಿನವು ಓಗೊಟ್ಟವು.

"ಎಲ್ಲಿಗೆ ಒಯ್ಯಾಕತ್ತೀಯವಾ?" ಅಕ್ಕ ಕೇಳಿದಳು.

"ಕಲಘಟಗಿಗ್ರಿ. ಮಗಳು ಸಾಕ್ತೀನಿ ಅಂದಾಳ."

ಅಕ್ಕ ಬುಟ್ಟಿಯನ್ನೇ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ನಿಮ್ಮ ಓಣ್ಯಾಗ ಕೋಳಿ ಅದಾವೇನು?"

"ಅದಾವಲ್ಲ. ಮನಿಗೆರಡು."

ಅಕ್ಕ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಮಾವ, "ಏ, ಏನ್ ಮಾಡ್ತಿ? ಅದಕ್ಕ ಏನೂ ಆಗಿಲ್ಲ" ಎಂದ.

"ಆಗಿಲ್ಲ ಅಂತ ನಿನಗ ಹೆಂಗ ಗೊತ್ತು? ನನಗರ ಹೆಂಗ ಗೊತ್ತು?" ಎಂದವಳೇ ಹಿಂದಿರುಗಿ ನಡೆದಳು. ಬಸ್ಸು ಬಂತು. ನಾನು ಹತ್ತಲಿಲ್ಲ. ಮಾವ ಬೆಂಚಿನ ತುದಿಯಲ್ಲಿ ಕೂತು ಬೀಡಿ ಹಚ್ಚಿದ, ಸೇದಲಿಲ್ಲ.

ಹುಕುಂ ಮರುದಿನವೇ ಬಂತು. ನಾನು ರಜೆ ಹಾಕಿ ಅಲ್ಲಿಯೇ ಉಳಿದಿದ್ದೆ. ಬೆಳಿಗ್ಗೆ ಜೀಪು ಬಂತು, ಹಿಂದೆ ಜೆಸಿಬಿ. ಇಳಿದವರೆಲ್ಲ ಅಡಿಯಿಂದ ಮುಡಿಯವರೆಗೆ ಬಿಳಿಯ ಅಂಗಿ ತೊಟ್ಟಿದ್ದರು, ಕಣ್ಣಿಗೆ ಕನ್ನಡಕ, ಬಾಯಿಗೆ ಮುಸುಕು. ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಅವರಲ್ಲೊಬ್ಬರು ಮುಂದೆ ಬಂದು, "ಗಂಗವ್ವಾರ" ಎಂದಾಗ ದನಿಯಿಂದ ಗುರುತು ಸಿಕ್ಕಿತು.

"ನೀವ ಬಂದ್ರೇನ್ರಿ ಸಾಹೇಬ್ರ?"

"ನನ್ನ ಹದ್ದಿನಾಗ ಬರತೈತ್ರಿ. ನಾನ ಬರಬೇಕು."

ಅವರ ಮಂದಿ ಗೂಡಿನ ಕಡೆ ಹೋದರೆ ಕೋಳಿಗಳು ಹೆದರಿ ತಂತಿಗೆ ಬಡಿದುಕೊಂಡವು. ಅಕ್ಕ ನೋಡಿ ನಿಲ್ಲಲಾರದೆ ಅವರನ್ನು ಸರಿಸಿದಳು. "ನಿಮ್ಮ ಕೈಗೆ ಬರಂಗಿಲ್ಲ ಅವು. ನಾ ಹಿಡದ ಕೊಡ್ತೀನಿ" ಎಂದಳು. ಅವರು ಮೊದಲು ಬೇಡವೆಂದರು, ಆಮೇಲೆ ಕೈಗವಸು ಹಾಕಿಕೊಳ್ಳಲೇಬೇಕೆಂದರು. ಆ ಬಾತ ಬೆರಳುಗಳ ಮೇಲೆ ರಬ್ಬರಿನ ಕೈಗವಸನ್ನು ಡಾಕ್ಟರೇ ಎಳೆದು ತೊಡಿಸಿದರು. ಅವಳು ಒಂದೊಂದನ್ನೇ ಹಿಡಿದು ತಂದು ಕೊಟ್ಟಳು. ಅವಳ ಕೈಯಲ್ಲಿ ಬರುವಾಗ ಅವು ಸುಮ್ಮನೆ ಬರುತ್ತಿದ್ದವು. ಆಚೆ ಒಬ್ಬ ಕುತ್ತಿಗೆ ತಿರುವಿ ಚೀಲಕ್ಕೆ ಹಾಕುತ್ತಿದ್ದ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಆ ಸದ್ದಿನ ಬಗ್ಗೆ ನಿಮಗೆ ಹೇಳಲಾರೆ.

ಕೊನೆಗೆ ಆ ಹ್ಯಾಟೆಯೊಂದೇ ಬಾಕಿ ಉಳಿಯಿತು. ಅಕ್ಕ ಅದನ್ನು ತಂದಳು, ಆದರೆ ಕೊಡಲಿಲ್ಲ. ಡಾಕ್ಟರ ಮುಂದೆ ನಿಂತಳು.

"ಸಾಹೇಬ್ರ, ಒಂದ ಸಲ ನೋಡ್ರಿ."

ಜೊತೆಯವನು, "ಸರ್, ಇನ್ನೂ ಬಾಳ ಮನಿ ಅದಾವ್ರಿ" ಎಂದ. ಡಾಕ್ಟರು ಅವನ ಮಾತಿಗೆ ಕಿವಿಗೊಡಲಿಲ್ಲ. ಕೋಳಿಯನ್ನು ಇಸಿದುಕೊಂಡರು. ಕನ್ನಡಕದೊಳಗೆ ಅವರ ಬೆವರು ಹಬೆಗಟ್ಟಿತ್ತು, ಕಾಣಿಸುತ್ತಿತ್ತೋ ಇಲ್ಲವೋ, ಕೋಳಿಯನ್ನು ಮುಖದ ಹತ್ತಿರ ಹಿಡಿದರು. ಕುತ್ತಿಗೆಯ ಗರಿ ಊದಲು ಹೋಗಿ ಬಾಯಿಗೆ ಮುಸುಕಿರುವುದು ನೆನಪಾಗಿ ಬೆರಳಿಂದ ಬಿಡಿಸಿದರು. ಬೆನ್ನು ನೋಡಿದರು. ಬಲರೆಕ್ಕೆ ಬಿಡಿಸಿದರು. ಎಡರೆಕ್ಕೆ ಬಿಡಿಸಿ ಒಂದೊಂದೇ ಗರಿಯನ್ನು ಸರಿಸುತ್ತ ಹೋಗಿ, ಆ ಗರಿಯ ಹತ್ತಿರ ನಿಂತರು. ಪ್ರದರ್ಶನದ ದಿನ ಮೇಜಿನ ಮುಂದೆ ನಿಂತು ನೋಡಿದ್ದಕ್ಕಿಂತ ಒಂದು ಚೂರೂ ಅವಸರ ಮಾಡಲಿಲ್ಲ. ಅಕ್ಕ ಅವರ ಕೈಯನ್ನೇ ನೋಡುತ್ತಿದ್ದಳು.

"ಸರಿ ಐತ್ರಿ" ಎಂದರು. "ಎಲ್ಲೂ ತಪ್ಪಿಲ್ಲ. ಒಂದನೇ ನಂಬರ್."

ಅಕ್ಕ ತಲೆಯಾಡಿಸಿದಳು. ಜೊತೆಯವನು ಕೈ ಚಾಚಿದ. ಡಾಕ್ಟರು ಅವನಿಗೆ ಕೊಡಲಿಲ್ಲ, ತಾವೇ ಆಚೆ ತಿರುಗಿ ಮುಗಿಸಿದರು. ಚೀಲಕ್ಕೂ ಹಾಕಲಿಲ್ಲ. ಹಿತ್ತಲಲ್ಲಿ ಜೆಸಿಬಿ ತೋಡಿದ್ದ ತಗ್ಗಿನವರೆಗೆ ಎರಡೂ ಕೈಯಲ್ಲಿ ಒಯ್ದು ಒಳಗೆ ಇಟ್ಟರು. ಆಮೇಲೆ ಸುಣ್ಣ ಸುರಿದರು, ಜೆಸಿಬಿ ಮಣ್ಣು ಎಳೆಯಿತು. ಮಾವ ಕಟ್ಟಿದ ಗೂಡನ್ನೂ ಸುಡಬೇಕೆಂದರು. ಮಾವ ತಾನೇ ಬೆಂಕಿ ಹಚ್ಚಿದ.

ಹೋಗುವಾಗ ಡಾಕ್ಟರು ಏನೋ ಹೇಳಲು ನಿಂತರು. ಅಕ್ಕ, "ಇನ್ನೂ ಬಾಳ ಮನಿ ಅದಾವಂತಲ್ರಿ, ಹೋಗ್ರಿ" ಎಂದಳು. ಅದು ಸಿಟ್ಟೋ, ಕರುಣೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅಕ್ಕ ಅಳಲಿಲ್ಲ, ಊಟ ಬಿಡಲಿಲ್ಲ. ಬೆಳಿಗ್ಗೆ ಎದ್ದು ಕಾಳಿನ ಮೊರ ಹಿಡಿದು ಹಿತ್ತಲ ಬಾಗಿಲವರೆಗೆ ಹೋಗುತ್ತಾಳೆ, ನೆನಪಾಗಿ ಹಿಂದಿರುಗುತ್ತಾಳೆ, ಇಷ್ಟು ಮಾತ್ರ ಎಂದು ಮಾವ ಫೋನಿನಲ್ಲಿ ಹೇಳುತ್ತಿದ್ದ. ಮತ್ತೆ ಕೋಳಿ ತರೋಣವೇ ಎಂದು ಒಮ್ಮೆ ಕೇಳಿದನಂತೆ. ಅವಳು, "ಮತ್ತ ಯಾವದ್ಯಾವದು ಬ್ಯಾರೆ ಬುಟ್ಟಿಗೆ ಅಂತ ಆರಿಸ್ಕೋಂತ ಕುಂದರಾಕ ನನಗ ಆಗಂಗಿಲ್ಲ" ಎಂದಳಂತೆ. ನಾನು ಹೋದರೆ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಾಳೆ. ನಾವು ಮೂವರು ಮಾತಿಲ್ಲದೆ ಉಣ್ಣುತ್ತೇವೆ. ಅದಕ್ಕೇ ಮೊದಲಿನಷ್ಟು ಹೋಗುವುದಿಲ್ಲ ಎಂದದ್ದು.

ಚಳಿಗಾಲದಲ್ಲಿ ಡಾಕ್ಟರು ಅಕ್ಕನಿಗೆ ಫೋನು ಮಾಡಿದರು. ಪ್ರದರ್ಶನವಿದೆ, ಒಮ್ಮೆ ಬಂದು ಹೋಗಿ ಎಂದರಂತೆ. ಅವಳು ಹೋಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಇಳಕಲ್ ಸೀರೆ ಉಟ್ಟು ತಯಾರಾಗಿ, ನನ್ನನ್ನೂ ಕರೆಸಿಕೊಂಡಳು. ಎಮ್ಮೆಗಳಿದ್ದವು, ಹೋರಿಗಳಿದ್ದವು, ಜನವೂ ಇದ್ದರು. ಕೋಳಿಗಳ ಮೂಲೆಯಲ್ಲಿ ಒಂದೂ ಕೋಳಿ ಇರಲಿಲ್ಲ. ತರುವುದಕ್ಕೆ ಇನ್ನೂ ಅಪ್ಪಣೆ ಇಲ್ಲವಂತೆ. ತೊಳೆದ ಖಾಲಿ ಪಂಜರಗಳನ್ನು ಸಾಲಾಗಿ ಇಟ್ಟು, ಹಿಂದಿನ ಗೋಡೆಗೆ ಫ್ಲೆಕ್ಸು ಕಟ್ಟಿದ್ದರು. ಅದರ ತುಂಬ ಅಕ್ಕನ ಹ್ಯಾಟೆ. ಡಾಕ್ಟರು ಹಿಂದಿನ ವರ್ಷ ಮೊಬೈಲಿನಲ್ಲಿ ತೆಗೆದದ್ದಿರಬೇಕು, ಆಳೆತ್ತರಕ್ಕೆ ಮುದ್ರಿಸಿದ್ದರು. ಕೆಳಗೆ ಏನೂ ಬರೆದಿರಲಿಲ್ಲ. ಅವರು ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ನಮ್ಮನ್ನು ನೋಡಿ ನಮಸ್ಕಾರ ಮಾಡಿದರು, ಹತ್ತಿರ ಬರಲಿಲ್ಲ.

ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡ ಒಬ್ಬ ತರುಣಿ ಆ ಚಿತ್ರದ ಮುಂದೆ ನಿಂತಿದ್ದಳು. ಅಕ್ಕ ಅಷ್ಟು ಹೊತ್ತು ನೋಡುತ್ತ ನಿಂತದ್ದು ಕಂಡು ಇವಳಿಗೆ ತಿಳಿದಿರಬಹುದು ಎನಿಸಿತೇನೋ, ಕೇಳಿದಳು.

"ಇದು ಖರೇ ಕೋಳಿ ಏನ್ರಿ ಯಕ್ಕಾ? ಏನ್ ಕಂಪ್ಯೂಟರ್‌ದಾಗ ತಗದಾರ?"

"ಖರೇನ ಐತವಾ" ಎಂದಳು ಅಕ್ಕ.

"ಎಲ್ಲಿ ಐತ್ರಿ?"

ನಾನು ಅಕ್ಕನ ತೋಳು ಹಿಡಿದೆ. ಡಾಕ್ಟರು ಮುಖ ಆಚೆ ತಿರುಗಿಸಿದರು.

"ಅಳ್ನಾವರದಾಗ. ನಮ್ಮ ಹಿತ್ತಲದಾಗ ಐತಿ."

"ಹೌದೇನ್ರಿ!" ತರುಣಿಯ ಮುಖ ಅರಳಿತು. ಕೂಸಿನ ಗಲ್ಲ ಹಿಡಿದು ಚಿತ್ರದ ಕಡೆ ತಿರುಗಿಸಿದಳು. "ಹಂಗಾರ ಒಂದಿನ ಬರ್ತೇವ್ರಿ, ಇವಗ ತೋರಸಾಕ."

"ಬಾರವಾ" ಎಂದಳು ಅಕ್ಕ. "ಸ್ಟೇಷನ್ ದಾಟಿ ಕಾಡಿನ ಕಡೆ ಬಾ. ಈರಪ್ಪನ ಮನಿ ಅಂದ್ರ ಯಾರರ ತೋರಸ್ತಾರ."